ನಲವತ್ತೊಂದನೇ ಪುಟದ ಕಡಲು

ಫೆಬ್ರವರಿ ೨, ಬೆಳಿಗ್ಗೆ ೬.೪೦

ಏಳನೇ ಪುಟ ಬೇಡ. ಹೋಟೆಲಿಗೂ ನೀರಿಗೂ ನಡುವೆ ಹೆದ್ದಾರಿ ಇದೆ. "ಕಡಲಿಗೆ ಕೂಗಳತೆಯ ದೂರ" ಎಂದು ಬರೆದವಳು ನಾನೇ. ಕೂಗಳತೆ ಹೌದು. ಲಾರಿಗಳ ಸದ್ದಿನಲ್ಲಿ ಕೂಗಿದ್ದು ಕೇಳಿಸಬೇಕಲ್ಲ.

ಹದಿನೆಂಟೂ ಬೇಡ. "ಪ್ರಶಾಂತ, ಏಕಾಂತ" — ಅಂದರೆ ಡಾಕ್ಟರಿಲ್ಲ, ಅಂಗಡಿಯಿಲ್ಲ, ಕರೆಂಟು ಬಂದರೆ ಬಂತು.

ಹಾಲು ಉಕ್ಕಿತು. ಒರೆಸಿ ಬಂದೆ.

ಹದಿಮೂರು ವರ್ಷದಿಂದ ಇದೇ ಕೆಲಸ. ಪ್ರವಾಸದ ಕಂಪನಿಯ ಕ್ಯಾಟಲಾಗಿಗೆ ಕಡಲತೀರ ಬರೆಯುವುದು. ಪುಟಕ್ಕೊಂದು ತೀರ, ತೀರಕ್ಕೆ ಎಂಬತ್ತು ಪದ. ಆಫೀಸಿನಲ್ಲಿ ಯಾವ ತೀರವನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಪುಟದ ನಂಬರೇ ಹೆಸರು. ಮಾಹಿತಿ ಹಾಳೆ ಬರುತ್ತದೆ, ನಾಲ್ಕು ಫೋಟೋ ಬರುತ್ತವೆ, ನಾನು ಬರೆಯುತ್ತೇನೆ. ಕಡಲನ್ನು ಕಣ್ಣಾರೆ ಕಂಡದ್ದು ಎರಡೇ ಸಲ. ಅದರಲ್ಲಿ ಒಂದು ಸಲ ಬಸ್ಸಿನ ಕಿಟಕಿಯಿಂದ.

ಈಗ ನನ್ನ ಮನೆಯವರಿಗೇ ಒಂದು ತೀರ ಆರಿಸಬೇಕು. ಭಾನುವಾರ ಊಟದ ಹೊತ್ತಿಗೆ ಇವರು ಕಾಗದವೊಂದನ್ನು ತಟ್ಟೆಯ ಪಕ್ಕ ಇಟ್ಟರು. ಬೇರೆ ನಗರದಲ್ಲಿ ಕೆಲಸ. ಅಲ್ಲೂ ಲಿಫ್ಟ್ ರಿಪೇರಿಯೇ, ಇನ್ನೂ ಎತ್ತರದ ಕಟ್ಟಡಗಳು. ಮಾರ್ಚ್ ಕೊನೆಯೊಳಗೆ ಉತ್ತರ ಕೊಡಬೇಕಂತೆ. "ನಾವೂ ಬರ್ಬೇಕಾ?" ಅಂದೆ. ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡರು. ಆಮೇಲೆ — "ಒಂದು ವಾರ ಎಲ್ಲಾದ್ರೂ ಹೋಗ್ಬರೋಣ, ಎಲ್ರೂ. ಬಂದ್ಮೇಲೆ ಹೇಳ್ತೀನಿ."

ಅಂದರೆ ಒಂದು ವಾರ ಸಿಕ್ಕಿದೆ. ಸರಿಯಾದ ತೀರ ಸಿಕ್ಕರೆ ಉಳಿಯುತ್ತಾರೆ. ಹಾಗಂತ ಇವರು ಹೇಳಿಲ್ಲ. ನಾನು ಹೇಳಿಕೊಳ್ಳುತ್ತಿದ್ದೇನೆ. ಬೇರೆ ಏನು ಹಿಡಿದುಕೊಳ್ಳಲಿ?

ಫೆಬ್ರವರಿ ೩, ಸಂಜೆ

ಫ್ರಿಜ್ಜಿನ ಬಾಗಿಲಿಗೆ ಮಗಳು ಹಾಳೆ ಅಂಟಿಸಿದ್ದಾಳೆ. ಹನ್ನೊಂದು ವರ್ಷ, ಮನೆಯಲ್ಲಿ ಅವಳಿಗೆ ಲಾಯರಮ್ಮ ಎಂದೇ ಹೆಸರು. ವಾದ ಮಾಡದೆ ತುತ್ತೂ ಇಳಿಯುವುದಿಲ್ಲ. ಹಾಳೆಯ ತಲೆಬರಹ "ಬೇಡಿಕೆಗಳು". ಅವಳ ಹೆಸರಿನ ಕೆಳಗೆ: ಹವಳ, ಬಣ್ಣದ ಮೀನು, ನೀರೊಳಗೆ ನೋಡುವ ಕನ್ನಡಕ. ಅಜ್ಜಿಯ ಹೆಸರಿನ ಕೆಳಗೆ: ಮೆಟ್ಟಿಲು ಇರಬಾರದು, ಬೆನ್ನಿರುವ ಕುರ್ಚಿ ಬೇಕು, ಬಾತ್‌ರೂಮು ಹತ್ತಿರ.

ಅತ್ತೆಗೆ ನೀರೆಂದರೆ ಭಯ. "ಬಕೆಟ್ಟಿನ ನೀರೇ ಸಾಕಾಗಿದೆ ನಂಗೆ, ಅಷ್ಟೊಂದು ಯಾಕೆ?" ಅಂದರು. ಆದರೂ ಬರುತ್ತಾರಂತೆ. ಮಗ ನಮ್ಮನ್ನು ಬಿಟ್ಟುಹೋಗಬಹುದೆಂಬ ವಾಸನೆ ಅವರಿಗೂ ಬಡಿದಿದೆ.

ಇವರ ಹೆಸರಿನ ಕೆಳಗೆ ಖಾಲಿ. "ಅಪ್ಪಾ, ನಿಂದು?" ಎಂದು ಲಾಯರಮ್ಮ ಪೆನ್ನು ಹಿಡಿದು ನಿಂತಳು.

"ಅಮ್ಮ ಆರಿಸ್ಲಿ ಬಿಡು. ಅವ್ಳಿಗೇ ತಾನೇ ಎಲ್ಲಾ ಗೊತ್ತಿರೋದು."

ಚುಚ್ಚಿದರೋ, ಬಿಟ್ಟುಕೊಟ್ಟರೋ — ತಿಳಿಯಲಿಲ್ಲ. ಹದಿನಾಲ್ಕು ವರ್ಷ ಸಂಸಾರ ಮಾಡಿ ಇಷ್ಟೂ ತಿಳಿಯುವುದಿಲ್ಲವೆಂದರೆ...

ಫೆಬ್ರವರಿ ೭, ಆಫೀಸ್, ಊಟದ ಬಿಡುವು

ಪಕ್ಕದ ಮೇಜಿನಲ್ಲಿ ಫೋಟೋ ತಿದ್ದುವವನು. ನೀಲಿರಾಯ ಎಂದು ನಾನೇ ಇಟ್ಟ ಹೆಸರು. ಮಣ್ಣುಬಣ್ಣದ ನೀರು ಅವನ ಕೈಗೆ ಹೋದರೆ ನವಿಲಿನ ಕತ್ತಾಗಿ ಹೊರಬರುತ್ತದೆ. ಕೊಳಚೆ ಪೈಪು ಅಳಿಸುತ್ತಾನೆ, ಜನರನ್ನು ಅಳಿಸುತ್ತಾನೆ. ಇವತ್ತು ಒಂದು ನಾಯಿಯನ್ನು ಅಳಿಸಿದ. ಅದರ ನೆರಳು ಮರೆತ. ಮರಳಿನ ಮೇಲೆ ನಾಯಿಯಿಲ್ಲದ ನೆರಳು.

ಕೇಳಿಯೇಬಿಟ್ಟೆ. "ಇದ್ರಲ್ಲಿ ನಿಜವಾಗ್ಲೂ ಚೆನ್ನಾಗಿರೋದು ಯಾವ್ದು ಹೇಳಪ್ಪ. ನಮ್ಮನೆಯವ್ರಿಗೆ."

"ನನ್ನ ಕೇಳ್ತೀರಲ್ಲ ಮೇಡಂ! ನೀವು ಕಾಗೆ ಹಾರಿಸಿದ್ರಿ, ನಾನು ಅದಕ್ಕೆ ಬಣ್ಣ ಬಳಿದು ಗಿಣಿ ಮಾಡ್ದೆ. ಗೂಡು ಎಲ್ಲಿದೆ ಅಂದ್ರೆ ಇಬ್ರಿಗೂ ಗೊತ್ತಿಲ್ಲ."

ನಕ್ಕೆ. ನಕ್ಕು ಕ್ಯಾಟಲಾಗನ್ನು ಮತ್ತೆ ಮೊದಲಿಂದ ತೆರೆದೆ.

ನನ್ನ ಪದಗಳನ್ನೇ ನಾನು ಬಿಡಿಸಿ ಓದಬೇಕಾಗಿದೆ. "ಜೀವಂತಿಕೆ ತುಂಬಿದ" — ರಾತ್ರಿಯಿಡೀ ಸ್ಪೀಕರು. "ಪ್ರಕೃತಿಯ ಮಡಿಲಲ್ಲಿ" — ಸೊಳ್ಳೆ. "ಸಾಹಸಪ್ರಿಯರಿಗೆ" — ಒಳಸೆಳೆತ ಇದೆ, ಈಜಬೇಡಿ. ಅರವತ್ತು ಪುಟದಲ್ಲಿ ಐವತ್ತೆರಡು ಹೊಡೆದುಹಾಕಿದೆ. ಎಂಟು ಉಳಿದಿವೆ.

ಫೆಬ್ರವರಿ ೧೨, ಭಾನುವಾರ

ಇವರು ಅಂಗಿಗೆ ಗುಂಡಿ ಹೊಲಿದುಕೊಳ್ಳುತ್ತಿದ್ದರು. ಅವರ ಕೆಲಸ ಅವರೇ ಮಾಡಿಕೊಳ್ಳುವ ಅಭ್ಯಾಸ ಈಚಿನದು. ಎದುರಿಗೆ ಕೂತು ಇಪ್ಪತ್ತೆರಡನೇ ಪುಟ ಓದಿದೆ. "ತೆಂಗಿನ ನೆರಳು ನೀರನ್ನು ಮುಟ್ಟುವ ಜಾಗ..."

"ನೋಡಿದ್ದೀಯಾ?"

"ಏನು?"

"ಆ ಜಾಗ. ನೋಡಿದ್ದೀಯಾ ನೀನು?"

"ಫೋಟೋ ನೋಡಿ..."

ಸೂಜಿ ಇಟ್ಟರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

"ಎಲ್ಲಾನೂ ಹೀಗೇ ಬರ್ದುಬಿಡ್ತೀಯ ನೀನು. ಅವತ್ತು ಬೆಳಿಗ್ಗೆನೂ 'ಚೆನ್ನಾಗಿದಾನೆ, ನೀವು ಹೋಗ್ಬನ್ನಿ' ಅಂದೆ."

ಅಷ್ಟೇ ಹೇಳಿದ್ದು. ಮತ್ತೆ ಸೂಜಿ ಎತ್ತಿಕೊಂಡರು.

ಮೂರು ವರ್ಷದ ಹಿಂದಿನ ಮಾತು. ಮಗ ಹುಟ್ಟಿ ಒಂಬತ್ತು ದಿನ ಇದ್ದ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವಾರ್ಡು. ಒಳಗೆ ತಾಯಿಗೆ ಮಾತ್ರ ಪ್ರವೇಶ. ಇವರು ಗಾಜಿನ ಆಚೆ ನಿಲ್ಲುತ್ತಿದ್ದರು, ಅದೂ ಪರದೆ ಸರಿಸಿದ ಅರ್ಧ ಗಂಟೆ. ನಾನು ಹೊರಗೆ ಬಂದಾಗಲೆಲ್ಲ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ — ಚೆನ್ನಾಗಿದಾನೆ. ಒಂಬತ್ತನೇ ದಿನ ಬೆಳಿಗ್ಗೆಯೂ ಹೇಳಿದೆ. ಯಾವುದೋ ಕಟ್ಟಡದಲ್ಲಿ ಲಿಫ್ಟು ನಡುವೆ ಸಿಕ್ಕಿಕೊಂಡಿತ್ತು, ಎರಡು ಗಂಟೆಯ ದಾರಿ. ಹೋಗ್ಲಾ ಅಂದರು. ಹೋಗಿ ಅಂದೆ. ಡಾಕ್ಟರು ಅಷ್ಟರಲ್ಲಾಗಲೇ ನನಗೆ ಹೇಳಬೇಕಾದ್ದು ಹೇಳಿಯಾಗಿತ್ತು. ಬಾಯಿ ಬರಲಿಲ್ಲ. ಇವರು ಹಿಂದಿರುಗಿದ್ದು ನಾಲ್ಕಕ್ಕೆ. ಅವನು ಹೋದದ್ದು ಎರಡೂಹತ್ತಕ್ಕೆ.

ಇದಕ್ಕಿಂತ ಹೆಚ್ಚು ಇಲ್ಲೂ ಬರೆಯುವುದಿಲ್ಲ.

ಫೆಬ್ರವರಿ ೧೩

ಇಪ್ಪತ್ತೆರಡು ಬೇಡ.

ಫೆಬ್ರವರಿ ೨೦, ಮಧ್ಯಾಹ್ನ

ಅತ್ತೆಯ ದವಡೆ ಹಲ್ಲು. ಹಲ್ಲಿನ ಡಾಕ್ಟರ ಕಾಯುವ ಕೋಣೆ, ಎಂಟು ಪ್ಲಾಸ್ಟಿಕ್ ಕುರ್ಚಿ, ಒಳಗಿನಿಂದ ಕೊರೆಯುವ ಸದ್ದು. ಮೂಲೆಯಲ್ಲಿ ಹಳೆಯ ಪತ್ರಿಕೆಗಳ ರಾಶಿ. ಅದರಲ್ಲಿ ಬೇರೆ ಕಂಪನಿಯೊಂದರ ಕ್ಯಾಟಲಾಗು, ಮುಖಪುಟ ಹರಿದದ್ದು. ನಮ್ಮದಕ್ಕಿಂತ ದಪ್ಪ, ಕಾಗದವೂ ಮೇಲು. ವೃತ್ತಿಮಾತ್ಸರ್ಯದಿಂದ ತಿರುವಿದೆ. ಎಲ್ಲ ಅದೇ ತೆಂಗು, ಅದೇ ತೂಗುಮಂಚ.

ನಲವತ್ತೊಂದನೇ ಪುಟ:

"ಇಲ್ಲಿ ಬೆಳಕು ನೀಲಿ. ಮಧ್ಯಾಹ್ನ ಎಲ್ಲರೂ ಮಲಗಿರುತ್ತಾರೆ. ಅಲೆಗಳೂ ತುದಿಗಾಲಲ್ಲಿ ಬಂದು ತುದಿಗಾಲಲ್ಲೇ ಹಿಂದಿರುಗುತ್ತವೆ. ಬೆಚ್ಚಗಿರುತ್ತದೆ. ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ."

ಅಷ್ಟೇ. ಎಂಬತ್ತು ಪದವೂ ಇಲ್ಲ. ಕೂತಲ್ಲೇ ಕಣ್ಣು ತುಂಬಿ ಬಂತು. ಹಲ್ಲುನೋವೆಂದುಕೊಂಡು ಎದುರಿನ ಹೆಂಗಸು "ತುಂಬಾ ನೋಯ್ತಿದ್ಯಾ?" ಅಂದರು. ಹೌದೆಂದೆ.

ಇದನ್ನು ಬರೆದವರು ಆ ಜಾಗದಲ್ಲಿ ಕೂತು ಬರೆದಿದ್ದಾರೆ. ಪಣ ಕಟ್ಟಿ ಹೇಳುತ್ತೇನೆ. ನನ್ನಂಥವಳ ಕೆಲಸ ಅಲ್ಲ ಇದು. ಅತ್ತೆ ಕೆನ್ನೆ ಹಿಡಿದುಕೊಂಡು ಹೊರಬರುವಷ್ಟರಲ್ಲಿ ಪುಟ ಹರಿದು ಚೀಲಕ್ಕೆ ಸೇರಿಸಿಯಾಗಿತ್ತು. ಕಳ್ಳತನ. ಆಗಲಿ.

ಫೆಬ್ರವರಿ ೨೧, ಬೆಳಿಗ್ಗೆ ೭

ಇವರ ಚಹಾದ ಲೋಟದ ಕೆಳಗೆ ಇಟ್ಟೆ. ಈ ಸಲ ನಾನು ಓದಿ ಹೇಳಲಿಲ್ಲ.

ಓದಿದರು. ಮತ್ತೆ ಓದಿದರು. ಮೂರನೇ ಸಲ ಬೆರಳಿಟ್ಟು ಓದಿದರು. ನನ್ನ ಮುಖ ನೋಡಿದರು, ತುಂಬ ಹೊತ್ತು. ಎಷ್ಟು ದಿನವಾಗಿತ್ತು ಹಾಗೆ ನೋಡಿ.

"ಎಲ್ಲಿ ಸಿಕ್ತು ಇದು?"

"ಹಲ್ಲಿನ ಡಾಕ್ಟ್ರ ಹತ್ರ. ಬೇರೆ ಕಂಪನೀದು. ನಮ್ದಲ್ಲ."

"ನಿಮ್ದಲ್ಲ..." ಅಂದರು. ಆಮೇಲೆ, "ಇಲ್ಲಿಗೇ ಹೋಗೋಣ."

ಲಾಯರಮ್ಮ "ಅಲ್ಲಿ ಮೀನಿದ್ಯಾ?" ಎಂದು ಅಡ್ಡ ಸವಾಲು ಹಾಕಿದಳು. ಇರ್ತವೆ ಪುಟ್ಟ ಅಂದರು. ಪುಟ್ಟ ಅಂದರು! ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಸಂತೋಷಕ್ಕೆ.

ಫೆಬ್ರವರಿ ೨೩

ಟಿಕೆಟ್ ಆಯಿತು. ಮಾರ್ಚ್ ಹದಿನಾರಕ್ಕೆ ಹೊರಡುವುದು. ಆ ಪುಟದ ಹೋಟೆಲು ಇನ್ನೂ ಇದೆ, ಎರಡು ರೂಮು ಸಿಕ್ಕಿತು, ಕೆಳಗಿನ ಅಂತಸ್ತೇ. ಮೆಟ್ಟಿಲಿಲ್ಲ ಎಂದು ಅತ್ತೆಗೆ ಹೇಳಿದೆ. "ಬೆನ್ನಿರೋ ಕುರ್ಚಿ?" ಅಂದರು. ಇರುತ್ತೆ ಅಂದೆ. ಗೊತ್ತಿಲ್ಲ.

ಹತ್ತು ದಿನದಿಂದ ತಿಂದದ್ದು ಮೈಗೆ ಹತ್ತಿರಲಿಲ್ಲ. ಇವತ್ತು ಹಸಿವಾಯಿತು.

ಮಾರ್ಚ್ ೪, ಆಫೀಸ್

ನೀಲಿರಾಯನಿಗೆ ಆ ಪುಟ ತೋರಿಸಿದೆ. ಸ್ವಲ್ಪ ಜಂಬದಿಂದಲೇ. "ನೋಡು, ಬರೆದ್ರೆ ಹೀಗೆ ಬರೀಬೇಕು. ನಾವೂ ಬರೀತೀವಿ."

ಅವನು ಕನ್ನಡಕ ಹಣೆಗೇರಿಸಿ ನೋಡಿದ. "ಮೇಡಂ, ತಮಾಷೆ ಮಾಡ್ತಿದೀರಾ?"

"ಯಾಕೆ?"

"ಇದು ನಿಮ್ದೇ. ಈ ಫೋಟೋಗೆ ನಾನು ನಾಲ್ಕು ಪದರ ನೀಲಿ ಹಾಕಿದೀನಿ, ಮರೀತೀನಾ? ನೀವು ರಜ ಮುಗಿಸಿ ಬಂದ ವಾರ. ಹಾಳೆ ಬಂದಿರ್ಲಿಲ್ಲ, ಫೋಟೋ ಒಂದೇ ಇತ್ತು. ನೀವು ಹತ್ತು ನಿಮಿಷದಲ್ಲಿ ಬರ್ದು ಎಸೆದ್ರಿ. ಮ್ಯಾನೇಜರು ಪದ ಕಮ್ಮಿಯಾಯ್ತು ಅಂತ ನಮ್ಮ ಕ್ಯಾಟಲಾಗಿಗೆ ಹಾಕದೆ ಆ ಕಂಪನಿಗೆ ಮಾರಿದ್ರು."

ರಜ ಎಂದರೆ... ಮಗ ಹೋದ ಹದಿನಾರನೇ ದಿನ ಕೆಲಸಕ್ಕೆ ಬಂದಿದ್ದೆ. ಆ ವಾರದ್ದು ಒಂದೂ ನೆನಪಿಲ್ಲ. ಮೇಜು ನೆನಪಿದೆ. ಫ್ಯಾನು ನೆನಪಿದೆ. ಏನು ಬರೆದೆ ಎಂಬುದಿಲ್ಲ.

ನನ್ನ ಗಾಳಕ್ಕೆ ನಾನೇ ಬಾಯಿ ಹಾಕಿದ್ದೇನೆ. ಹದಿಮೂರು ವರ್ಷದಲ್ಲಿ ಎಷ್ಟು ಸಂಸಾರಗಳನ್ನು ಎಷ್ಟು ತೀರಗಳಿಗೆ ಕಳಿಸಿದೆನೋ, ಅವರೆಲ್ಲರ ಶಾಪ ಒಟ್ಟಿಗೆ ತಟ್ಟಿತು.

ಮಾರ್ಚ್ ೫

ಇವತ್ತು ಹೇಳುತ್ತೇನೆ.

ಮಾರ್ಚ್ ೬

ಹೇಳಲಿಲ್ಲ. ಇವರು ಮಗಳ ಜೊತೆ ಕೂತು ನೀರಿನ ಕನ್ನಡಕದ ಪಟ್ಟಿ ಸರಿಮಾಡುತ್ತಿದ್ದರು. ಅದನ್ನು ಕೆಡಿಸಲು ಯಾವ ಬಾಯಿ ಬಂದೀತು?

ಹೇಳಿದರೆ: "ಇದನ್ನೂ ನೋಡದೇ ಬರ್ದೆಯಾ?" ಅಲ್ಲಿಗೆ ಮುಗಿಯಿತು. ಹೇಳದಿದ್ದರೆ: ಅಲ್ಲಿ ಹೋಗಿ ನಿಂತಾಗ ಕಡಲೇ ಹೇಳುತ್ತದೆ. ಅತ್ತ ದರಿ, ಇತ್ತ ಪುಲಿ.

ಒಂದು ವೇಳೆ ಹಾಗೆಯೇ ಇದ್ದರೆ? ಸುಮ್ಮನೆ ಬರೆದದ್ದು ಒಮ್ಮೊಮ್ಮೆ ನಿಜವಾಗುವುದಿಲ್ಲವೇ. ಹುಚ್ಚಿ.

ಮಾರ್ಚ್ ೯, ಮಧ್ಯಾಹ್ನ ೧

ಆಫೀಸಿನ ಮೆಟ್ಟಿಲ ಮೇಲೆ ಕೂತು ಆ ಹೋಟೆಲಿಗೆ ಫೋನ್ ಮಾಡಿದೆ. ಹೋಟೆಲಿನ ಯಜಮಾನಿಯೇ ಎತ್ತಿದರು. ಏರು ದನಿ. ಹಿಂದೆ ಯಾರೋ ತಗಡು ಬಡಿಯುತ್ತಿದ್ದರು.

"ಅಲೆ ಹೇಗಿರುತ್ತೆ ಅಲ್ಲಿ?"

"ಯಾವಾಗ?"

"ಮಧ್ಯಾಹ್ನ."

"ಮಧ್ಯಾಹ್ನ ಅಲೆ ಎಲ್ಲಿರುತ್ತಮ್ಮ! ಎಷ್ಟು ಜನ ಬರ್ತೀರಿ? ವಯಸ್ಸಾದವ್ರಿದಾರಾ? ಊರು ಯಾವ್ದು? ಮೀನು ತಿಂತೀರಾ? ಫ್ಯಾನು ಸ್ವಲ್ಪ ಸದ್ದು ಮಾಡುತ್ತೆ, ಈಗ್ಲೇ ಹೇಳಿದೀನಿ."

ಒಂದೇ ಉಸಿರಿಗೆ ಹತ್ತು ಪ್ರಶ್ನೆ. "ಯಾರೂ ಏನೂ ಕೇಳುವುದಿಲ್ಲ" — ಆ ಸಾಲು ಅಲ್ಲೇ ಹೋಯಿತು. ಆದರೆ ಮಧ್ಯಾಹ್ನ ಅಲೆ ಇರುವುದಿಲ್ಲವಂತೆ. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮೇಲೆ ಬಂದೆ. ಮುಳುಗುವವನಿಗೆ ಹುಲ್ಲುಕಡ್ಡಿ.

ಮಾರ್ಚ್ ೧೫, ಸಂಜೆ

ಪ್ಯಾಕಿಂಗ್. ಅತ್ತೆಯ ಗುಳಿಗೆ ಡಬ್ಬಿ, ಎರಡು ಕೊಡೆ, ಮಗಳ ಕನ್ನಡಕ. ಇವರ ಚೀಲದಲ್ಲಿ ಮೂರು ಅಂಗಿ, ಚಿಕ್ಕ ಸ್ಕ್ರೂಡ್ರೈವರು, ಮತ್ತು ಆ ಕಾಗದ. ಇನ್ನೂ ಸಹಿ ಹಾಕಿಲ್ಲ. ಜೊತೆಗೆ ಒಂದು ಪೆನ್ನು.

ಅದರ ಕೆಳಗೆ ನಲವತ್ತೊಂದನೇ ಪುಟ, ನಾಲ್ಕು ಮಡಿಕೆ ಮಾಡಿ. ಮಡಿಕೆಗಳು ಸವೆದಿವೆ. ಎಷ್ಟು ಸಲ ಬಿಚ್ಚಿ ಓದಿದ್ದಾರೋ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಏನಾಯ್ತೇ?"

"ಏನಿಲ್ಲ ಅತ್ತೆ, ಚೆನ್ನಾಗೇ ಇದೀನಿ."

"ನಿನ್ನ ಚೆನ್ನಾಗಿದೀನಿ ಕೇಳಿ ಕೇಳಿ ನಂಗೆ ಹೆದರ್ಕೆ ಆಗುತ್ತೆ ಕಣೇ," ಅಂದು ಗುಳಿಗೆ ಡಬ್ಬಿ ಇಸಿದುಕೊಂಡು ಹೋದರು.

ಮಾರ್ಚ್ ೧೭, ಮಧ್ಯಾಹ್ನ ೩

ಬಂದೆವು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಇಲ್ಲಾದರೂ.

ಕಡಲು ಇಲ್ಲ. ನೀರು ಇಳಿದು ಇನ್ನೂರು ಹೆಜ್ಜೆ ಆಚೆ ಹೋಗಿದೆ. ಈಚೆ ಕೆಸರು. ಕೊಳೆತ ಪಾಚಿಯ ದಿಬ್ಬಗಳು, ಮೂಗು ಬಿಡಲಾಗದ ನಾತ. ತೆಂಗಿನ ಮರಗಳಿವೆ — ಹೋದ ವರ್ಷದ ಬಿರುಗಾಳಿಗೆ ಅರ್ಧಕ್ಕರ್ಧ ತಲೆ ಹಾರಿಹೋಗಿ ಬರೀ ಕಂಬ. ಪಕ್ಕದಲ್ಲೇ ದೋಣಿ ರಿಪೇರಿ ಮಾಡುವ ಜಾಗ. ಬೆಳಗಿನಿಂದ ಸಂಜೆವರೆಗೆ ಕಬ್ಬಿಣದ ಮೇಲೆ ಸುತ್ತಿಗೆಯಂತೆ. ಮಧ್ಯಾಹ್ನ ಇಲ್ಲಿ ಯಾರೂ ಮಲಗುವುದಿಲ್ಲ. ಮಲಗಲು ಸಾಧ್ಯವೇ ಇಲ್ಲ. ನೀರಿನ ಬಣ್ಣ ಹಾಲು ಕಡಿಮೆಯಾದ ಚಹಾ.

ಇವರು ಚೀಲ ಕೆಳಗಿಟ್ಟು ನಿಂತು ನೋಡಿದರು. ಒಳಗೆ ಹೋಗಿ ಕುರ್ಚಿ ಹತ್ತಿ ಫ್ಯಾನು ಬಿಚ್ಚತೊಡಗಿದರು.

ಅತ್ತೆಯೇ ವಾಸಿ. ಸೀರೆ ಎತ್ತಿಕಟ್ಟಿ, ಮೊಮ್ಮಗಳ ಕೈ ಹಿಡಿದು ಕೆಸರಿನಲ್ಲಿ ನಡೆದೇ ನಡೆದರು. ನೂರಾರು ಹೆಜ್ಜೆ ಹೋದರೂ ನೀರು ಮೊಣಕಾಲು ದಾಟಲಿಲ್ಲ. ಅಲ್ಲಿಂದಲೇ ಕೂಗಿದರು. "ಪಾಪಿ ಸಮುದ್ರಕ್ಕೆ ಹೋದ್ರೂ ಮೊಣಕಾಲುದ್ದ ನೀರು ಅಂತಾರಲ್ಲ, ಅದು ಇದೇ ಜಾಗ ಕಣೇ! ನನಗೆ ಹೇಳಿ ಮಾಡಿಸಿದ ಹಾಗಿದೆ!"

ನಕ್ಕರು. ಲಾಯರಮ್ಮ ನಗಲಿಲ್ಲ. ಹವಳವಿಲ್ಲ, ಮೀನಿಲ್ಲ. ಕನ್ನಡಕ ಹಣೆಯ ಮೇಲೆ. "ಇದು ಮೋಸ. ಕೇಸ್ ಹಾಕ್ಬೇಕು. ಯಾರು ಬರೆದಿದ್ದೋ ಅವ್ರ ಮೇಲೆ," ಅಂದಳು. ಹಾಕು ಮಗಳೇ.

ಮಾರ್ಚ್ ೧೮

ಫ್ಯಾನು ಸದ್ದಿಲ್ಲದೆ ತಿರುಗುತ್ತಿದೆ. ಇವರು ಬೆಳಿಗ್ಗೆಯೇ ದೋಣಿ ರಿಪೇರಿಯವರ ಹತ್ತಿರ ಹೋದವರು ಊಟಕ್ಕೂ ಬರಲಿಲ್ಲ. ದೂರದಿಂದ ಕಾಣುತ್ತಿದ್ದರು. ರಾಟೆಯೊಂದನ್ನು ಬಿಚ್ಚಿ ಯಾರಿಗೋ ತೋರಿಸುತ್ತಿದ್ದರು. ಹೊಸಬರ ಜೊತೆ ಕೈಯಾಡಿಸಿ ಮಾತನಾಡುತ್ತಿದ್ದಾರೆ.

ಇನ್ನು ನಾಲ್ಕು ದಿನ.

ಮಾರ್ಚ್ ೧೯, ಬೆಳಿಗ್ಗೆ ೧೦

ಈಗಷ್ಟೇ ನಡೆದದ್ದು. ಬರೆದುಬಿಡುತ್ತೇನೆ.

ತಿಂಡಿಯ ಮೇಜು. ಯಜಮಾನಿ ಬ್ರೆಡ್ಡು, ಮೊಟ್ಟೆ ತಂದಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತರು. ಒಳ್ಳೆಯ ಹೆಂಗಸು, ಬಾಯಿಗೆ ಬಾಗಿಲಿಲ್ಲ ಅಷ್ಟೇ. "ನಿಮ್ಗೆ ಮಕ್ಕಳೆಷ್ಟು?"

"ಒಬ್ಳೇ ಮಗಳು," ಅಂದೆ. ಮೂರು ವರ್ಷದಿಂದ ಹೇಳಿ ಹೇಳಿ ನುಣುಪಾದ ಉತ್ತರ.

ಲಾಯರಮ್ಮ ಚಮಚ ಕೆಳಗಿಟ್ಟಳು. "ಅಲ್ಲ. ಇಬ್ರು."

ನನ್ನ ಕಡೆಗೆ ತಿರುಗಿದಳು.

"ನಂಗೆ ತಮ್ಮ ಇದ್ದ. ಒಂಬತ್ ದಿನ. ನಂಗೆ ಎಂಟು ವರ್ಷ ಆವಾಗ, ಚೆನ್ನಾಗಿ ಗೊತ್ತಿದೆ. ನೀನು ಯಾವಾಗ್ಲೂ ಒಬ್ಳೇ ಅಂತೀಯ. ಸುಳ್ಳು ಅದು."

ಯಜಮಾನಿ "ಅಯ್ಯೋ..." ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಅತ್ತೆ ತಟ್ಟೆ ನೋಡುತ್ತ ಕೂತರು. ಇವರು ಎದ್ದು ಮಗಳ ತಲೆಯ ಮೇಲೆ ಕೈಯಿಟ್ಟರು, ಒಂದು ಕ್ಷಣ. ನನ್ನ ಕಡೆ ತಿರುಗಲಿಲ್ಲ. ಹೊರಗೆ ಹೋದರು.

ಚೀಲದಲ್ಲಿ ಕಾಗದ ಇಲ್ಲ. ನೋಡಿದೆ. ತೆಗೆದುಕೊಂಡು ಹೋಗಿದ್ದಾರೆ. ಪೆನ್ನೂ ಇಲ್ಲ.

ಮಾರ್ಚ್ ೨೦, ಸಂಜೆ ೫

ನಿನ್ನೆ ಪೂರ್ತಿ ಇವರು ದೋಣಿಯವರ ಹತ್ತಿರವೇ ಇದ್ದರು. ಇವತ್ತು ಮಧ್ಯಾಹ್ನ ನಾನೇ ಹೋದೆ. ಇವರು ದೂರದಲ್ಲಿ, ಕವುಚಿ ಹಾಕಿದ ದೋಣಿಯ ನೆರಳಲ್ಲಿ ಕೂತಿದ್ದರು. ಕೆಸರಿನಲ್ಲಿ ಒಂದು ಚಪ್ಪಲಿ ಹೋಯಿತು. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ನಿಂತೆ.

"ಆ ಪುಟ ಬರೆದಿದ್ದು ನಾನೇ ರೀ. ಗೊತ್ತಿರ್ಲಿಲ್ಲ ನಂಗೆ, ಆಣೆಗೂ. ಆಮೇಲೆ ಗೊತ್ತಾಯ್ತು. ಹೇಳಕ್ಕೆ ಆಗ್ಲಿಲ್ಲ. ಹೆದರಿಕೆ. ನೀವು ಹೋಗ್ಬಿಡ್ತೀರಿ ಅಂತ. ಇದು ಇಂಥ ಜಾಗ, ಸುಳ್ಳು, ಎಲ್ಲಾ ಸುಳ್ಳು ಬರ್ದಿದೀನಿ..."

"ಗೊತ್ತಿತ್ತು."

"ಏನು?"

"ಲೋಟದ ಕೆಳಗೆ ಇಟ್ಯಲ್ಲ, ಆವಾಗ್ಲೇ. ಹದಿನಾಲ್ಕು ವರ್ಷದಿಂದ ನೋಡ್ತಿದೀನಿ, ನಿನ್ನ ಸಾಲು ನಂಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಇಲ್ಲಿಗೇ..."

ಜೇಬಿನಿಂದ ಆ ಪುಟ ತೆಗೆದರು. ಮಡಿಕೆ ಬಿಚ್ಚಲಿಲ್ಲ. ಬಾಯಿಪಾಠವಾಗಿದೆ ಅವರಿಗೆ.

"ಇದು ಕಡಲಲ್ಲ ಕಣೇ. ಆ ವಾರ್ಡು. ಕಾಮಾಲೆಗೆ ಅಂತ ಹಾಕಿದ್ದ ನೀಲಿ ಬೆಳಕು... ಗಾಜಿನ ಆಚೆಯಿಂದ ನಂಗೆ ಅದೊಂದೇ ಕಾಣ್ತಿದ್ದಿದ್ದು. ನರ್ಸುಗಳು ತುದಿಗಾಲಲ್ಲಿ ಓಡಾಡ್ತಿದ್ರು. ಎಲ್ಲಾ ಮಕ್ಕಳೂ ಮಲಗಿರ್ತಿದ್ವು. ಬೆಚ್ಚಗಿತ್ತು ಅಂತ ನಂಗೆ ಗೊತ್ತಿರ್ಲಿಲ್ಲ. ಇದನ್ನ ಓದಿದ್ಮೇಲೆ ಗೊತ್ತಾಯ್ತು. ಮೂರು ವರ್ಷದಲ್ಲಿ ನೀನು ಅವನ ಬಗ್ಗೆ ಹೇಳಿರೋದು ಇಷ್ಟೇ. ಅದೂ ಕಂಪನಿಗೆ."

ಅಲ್ಲೇ ಕೂತುಬಿಟ್ಟೆ. ಕೆಸರೋ ಏನೋ, ನೋಡಲಿಲ್ಲ. ಮೂರು ವರ್ಷದ ಅಳು. ಸುತ್ತಿಗೆಯವರು ಬಡಿಯುವುದನ್ನು ನಿಲ್ಲಿಸಿ ಇತ್ತ ನೋಡುವಷ್ಟು.

ಇವರೂ ಅಳುತ್ತಿದ್ದರು. ನನ್ನನ್ನು ಮುಟ್ಟಲಿಲ್ಲ. ಅಳು ಇಳಿದ ಮೇಲೆ ಹೇಳಿದರು. "ಇಲ್ಲಿಗೆ ಬಂದ್ರೆ ಹೇಳ್ತೀಯೇನೋ ಅಂದ್ಕೊಂಡೆ. ನನ್ನ ಮಗ ಹೆಂಗಿದ್ದ ಅಂತ ನಂಗೆ ಗೊತ್ತಿಲ್ಲ. ನೀನೊಬ್ಳೇ ನೋಡಿರೋದು. ಚೆನ್ನಾಗಿದಾನೆ, ಚೆನ್ನಾಗಿದಾನೆ... ಅದನ್ನ ಇಟ್ಕೊಂಡು ನಾನೇನ್ ಮಾಡ್ಲಿ?"

"ಬಾಯಿ ಬರಲ್ಲ ರೀ. ಹೇಳಕ್ಕೆ ಹೋದ್ರೆ ಅದೇ ಬರುತ್ತೆ."

"ಬರಿ ಹಾಗಾದ್ರೆ. ಬರಿಯಕ್ಕೆ ಬರುತ್ತಲ್ಲ."

ಕಾಗದದ ಬಗ್ಗೆ ಕೇಳಲಿಲ್ಲ. ಜೇಬಿನಲ್ಲಿ ಅದರ ಅಂಚು ಕಾಣುತ್ತಿತ್ತು. ಸಹಿ ಆಗಿದೆಯೋ ಇಲ್ಲವೋ — ಕೇಳುವ ಹಕ್ಕು ಇವತ್ತು ನನಗಿಲ್ಲ.

ಮಾರ್ಚ್ ೨೧, ಮಧ್ಯಾಹ್ನ ೧.೪೦

ದೋಣಿಯ ನೆರಳು. ಯಜಮಾನಿ ಎರಡು ಕುರ್ಚಿ ಹಾಕಿಸಿಕೊಟ್ಟಿದ್ದಾರೆ. ಬೆನ್ನಿರುವ ಕುರ್ಚಿಗಳು, ನೋಡಿ ಅತ್ತೆ. ಅತ್ತೆ ಆಚೆ, ಮೊಮ್ಮಗಳ ಜೊತೆ ಮೊಣಕಾಲುದ್ದ ನೀರಿನಲ್ಲಿ. ಲಾಯರಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ಮುಖ ಮುಳುಗಿಸಿದ್ದಾಳೆ. ಏನೋ ಸಿಕ್ಕಿತಂತೆ. ಏಡಿ ಇರಬೇಕು, ಕಿರುಚುತ್ತಿದ್ದಾಳೆ.

ಇವರು ಪಕ್ಕದ ಕುರ್ಚಿಯಲ್ಲಿ. ಮೊದಲು ಈ ಜಾಗವನ್ನು ಬರೆದು ತೋರಿಸು ಅಂದರು, ಪರೀಕ್ಷೆಯ ಹಾಗೆ. ಬರೆದೆ. ಕೆಸರು, ನಾತ, ತಲೆಯಿಲ್ಲದ ತೆಂಗು, ಚಹಾದ ಬಣ್ಣ. ಈ ನೋಟ್‌ಬುಕ್ಕನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು ಇದೇ ಮೊದಲು. ಓದಿದರು. "ಹ್ಞೂಂ. ಸರಿಯಾಗಿದೆ," ಅಂದು ಹಿಂದಕ್ಕೆ ಕೊಟ್ಟರು.

"ಇನ್ನು ಅವನದು. ದಿನಕ್ಕೊಂದು ಪುಟ."

ಒಂಬತ್ತು ಪುಟ. ಆ ಕಾಗದವನ್ನು ಮರಳ ಮೇಲಿಟ್ಟು ಹಾರದಂತೆ ಕಲ್ಲು ಹೇರಿದ್ದಾರೆ. ನನಗೆ ಕಾಣುವಂತೆಯೇ. ಸಹಿಯ ಜಾಗ ಕಲ್ಲಿನ ಕೆಳಗಿದೆ. ನೋಡುವುದಿಲ್ಲ. ಬರೆಯುತ್ತೇನೆ.

ಒಂದನೇ ದಿನ.

ಚೆನ್ನಾಗಿದ್ದ.

ಅಲ್ಲ. ಚೆನ್ನಾಗಿರಲಿಲ್ಲ. ಮೊಣಕೈವರೆಗೆ ಸೋಪು ಹಾಕಿ ತೊಳೆಸಿ ಒಳಗೆ ಬಿಟ್ಟರು. ಗಾಜಿನ ಪೆಟ್ಟಿಗೆ, ನೀಲಿ ಬೆಳಕು, ಕಣ್ಣಿಗೆ ಬಿಳಿ ಪಟ್ಟಿ. ಉಸಿರೆಳೆದಾಗಲೆಲ್ಲ ಎದೆ ಒಳಕ್ಕೆ ಹೋಗುತ್ತಿತ್ತು, ಪಕ್ಕೆಲುಬು ಎಣಿಸಬಹುದಿತ್ತು. ಎಣಿಸಿದೆ. ಹಣೆಯ ಮೇಲೆ ಮೃದುವಾದ ಕಪ್ಪು ಕೂದಲು. ಎಡಗಿವಿಯ ತುದಿ ಮಡಚಿಕೊಂಡಿತ್ತು, ನಿಮ್ಮದರ ಹಾಗೆಯೇ. ಇದನ್ನು ಅವತ್ತೇ ನಿಮಗೆ ಹೇಳಬೇಕಿತ್ತು. ಪೆಟ್ಟಿಗೆಯ ತೂತಿನಿಂದ ಒಂದು ಬೆರಳು ಒಳಗೆ ಹಾಕಿದೆ. ಹಿಡಿದ. ನಂಬಲಾಗದಷ್ಟು ಗಟ್ಟಿಯಾಗಿ ಹಿಡಿದ. ನರ್ಸ್ ಹೊತ್ತಾಯಿತು ಅಂದರು. ಬಿಡಿಸಿಕೊಳ್ಳಲು ಹೋದರೆ ಅವನು ಬಿಡಲಿಲ್ಲ.